ರೊಮೇನಿಯಾದಲ್ಲಿ ಚುರುಮುರಿ

ನಮ್ಮ ಭಾವನನ್ನು ನಂಬಿದರೆ, ರೊಮೇನಿಯಾದ ಜನ ಸಂಜೆಯಾಗುತ್ತಲೇ ಚುರುಮುರಿ ಗಾಡಿಯ ಮುಂದೆ ಸಾಲುಗಟ್ಟುತ್ತಾರೆ! ದಯವಿಟ್ಟು ನಂಬಬೇಡಿ.

ಆಸ್ಟ್ರೇಲಿಯಾದ ಪರ್ತ್‌ನ ವಿಲೆಟನ್‌ನಲ್ಲಿ ಡಾಕ್ಟರಾಗಿದ್ದು ನಿವೃತ್ತರಾದ ಈ ಮನುಷ್ಯನ ಕೈಯಲ್ಲಿರುವುದು ಇಟ್ಟಿಗೆಯಷ್ಟು ದಪ್ಪದ ರೊಮೇನಿಯನ್ ಕಾದಂಬರಿ, ಇಂಗ್ಲಿಷ್ ಅನುವಾದದಲ್ಲಿ. ನಾಯಕ ಕಳೆದುಹೋದ ಬಾಲ್ಯವನ್ನು ಹುಡುಕುತ್ತ ಬುಕಾರೆಸ್ಟ್ ನಗರವೆಲ್ಲ ಅಲೆಯುತ್ತಾನೆ. ಮನೆಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತವೆ, ಟ್ರಾಮು ದಾರಿ ತಪ್ಪಿ ಅವನ ಆರನೇ ವಯಸ್ಸಿನಲ್ಲಿ ನಿಲ್ಲುತ್ತದೆ. ಇದನ್ನು ಭಾವ ದಿನಾ ಮಧ್ಯಾಹ್ನ ನನ್ನ ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಾರೆ.

ಅಕ್ಕನಿಗೆ ಮರೆವಿನ ಕಾಯಿಲೆ. ಹಳೆಯ ಫೋಟೋ ತೋರಿಸಿ ಎಂದಿದ್ದರು ವೈದ್ಯರು. ಮದುವೆಯ ಆಲ್ಬಂ ತೆರೆದರೆ, ಮದುಮಗನನ್ನು ತೋರಿಸಿ, ಈ ಹುಡುಗ ಯಾರ ಕಡೆಯವನು ಎಂದು ಅಕ್ಕ ಭಾವನನ್ನೇ ಕೇಳಿದಳು. ಅಂದೇ ಆಲ್ಬಂ ಕಪಾಟು ಸೇರಿತು, ಕಾದಂಬರಿ ಹೊರಬಂತು. ಮದುವೆಯಾಗಿ ಹೊಸದಾಗಿ ಸಂಸಾರ ಹೂಡಿದ್ದ ಮೈಸೂರಿನ ದಾರಿಯಲ್ಲಾದರೂ ಅವಳು ತನ್ನನ್ನು ಗುರುತಿಸಿಯಾಳು ಎಂದು ಭಾವನ ಆಸೆ. ಅದಕ್ಕೇ ಬುಕಾರೆಸ್ಟಿನ ಟ್ರಾಮು ಸಿಟಿ ಬಸ್ಸಾಯಿತು. ಮಾಂಸ ತುಂಬಿದ ಕೋಸಿನ ಸುರುಳಿ ಮಸಾಲೆ ದೋಸೆಯಾಯಿತು. ಚಳಿಗೆ ನಡುಗುವ ನಾಯಕನಿಗೆ ಮಂಕಿ ಕ್ಯಾಪ್ ಬಂತು!

ಬ್ರಿಸ್ಬೇನ್‌ನಿಂದ ಬಂದಿದ್ದ ಮೊಮ್ಮಗಳು ಪುಸ್ತಕ ಇಣುಕಿ, "ಅಜ್ಜ, ದಟ್ಸ್ ನಾಟ್ ಇನ್ ದ ಬುಕ್" ಎಂದಳು.

"ಮುಂದಿನ ಪುಟದಲ್ಲಿದೆ, ಕೂತ್ಕೋ."

ಪಕ್ಕದ ಬೀದಿಯ ಅಂಕಲ್ ಒಬ್ಬರಂತೂ ಇದನ್ನು ಕೇಳಿ, ಸಸ್ಯಾಹಾರಿಗಳಿಗೆ ಅಲ್ಲಿ ತೊಂದರೆಯಿಲ್ಲವೆಂದು ಖಾತ್ರಿಯಾಗಿ, ರೊಮೇನಿಯಾ ಪ್ರವಾಸಕ್ಕೆ ವಿಚಾರಿಸತೊಡಗಿದರು. ಏನು ಹೇಳೋಣ?

ಶನಿವಾರ ನನ್ನ ಪಾಳಿ. ವಾರವಿಡೀ ದುಡಿದು, ಕ್ಯಾನಿಂಗ್ಟನ್‌ನ ನನ್ನ ಮನೆಯಿಂದ ಹೋಗಿ, ಅಕ್ಕನ ತಲೆ ಬಾಚಿ, ಅನ್ನ ಕಲಸಿಕೊಟ್ಟು ಕೂರುವಷ್ಟರಲ್ಲಿ ನನಗೇ ಕಣ್ಣೆಳೆಯುತ್ತಿರುತ್ತದೆ. ಒಮ್ಮೆ ಸಿಡುಕಿದೆ: ಮೈಸೂರಿನ ನಿಮ್ಮ ಬಾಡಿಗೆ ಮನೆಯ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಮನೆ ಮಾಲೀಕರು ಬೈಯುತ್ತಿದ್ದರು, ಅದೆಲ್ಲ ಎಲ್ಲಿ ಹೋಯಿತು?

"ಅದನ್ನ ನೀನು ಬರ್ಕೋ" ಎಂದರು ಭಾವ.

ಕಳೆದ ಶನಿವಾರ ಓದಿದ್ದು, ಇಡೀ ಬೀದಿಯೊಂದು ಎದ್ದು ನಾಯಿಯಂತೆ ನಾಯಕನ ಹಿಂದೆ ಬರುವ ಅಧ್ಯಾಯ. ಅಕ್ಕ ಬಟ್ಟಲು ಕೆಳಗಿಟ್ಟಳು.

"ಗೊತ್ತು ನಂಗೆ. ಮದುವೆ ಆದ ಹೊಸತರಲ್ಲಿ ಸಂತೆಪೇಟೆ ಬೀದಿ ನಮ್ಮ ಹಿಂದೇನೇ ಬಂತಲ್ರೀ. ನೀವು ಹೆದರಿ ನನ್ನ ಕೈ ಹಿಡ್ಕೊಂಡ್ರಿ."

ಅದು ಕಥೆ ಅಕ್ಕ, ಎನ್ನಲು ಹೊರಟವಳು ಅವಳ ಬಟ್ಟಲನ್ನು ಎತ್ತಿ ಬದಿಗಿಟ್ಟೆ. ಅವಳು ಅವರನ್ನು ಗಂಡನೆಂದು ಮಾತಾಡಿಸಿ ತಿಂಗಳುಗಳೇ ಆಗಿದ್ದವು.

ಭಾವ ಕನ್ನಡಕ ತೆಗೆದರು.

"ಹೌದು ಕಣೇ" ಎಂದರು. "ತುಂಬಾ ಹೆದರಿದ್ದೆ."