ಬೀಗ ಹಾಕಿ ಮಾಡಿದ ವಂದನಾರ್ಪಣೆ

ಸಭೆಯಲ್ಲಿ ಸ್ವಾಗತ ಭಾಷಣವನ್ನು ಯಾರು ಬೇಕಾದರೂ ಮಾಡಬಹುದು. ಆಗಿನ್ನೂ ಜನರಿಗೆ ಹಸಿವಾಗಿರುವುದಿಲ್ಲ. ಅತಿಥಿಗಳ ಪರಿಚಯವೂ ಅಷ್ಟೆ. ಹೊಗಳಿಕೆಯನ್ನು ಅತಿಥಿಗಳೇ ಬರೆದುಕೊಟ್ಟಿರುತ್ತಾರೆ. ಆದರೆ ವಂದನಾರ್ಪಣೆ ಹಾಗಲ್ಲ. ಅದೊಂದು ಕಲೆ, ಮತ್ತು ಆ ಕಲೆ ನನಗೆ ಸಿದ್ಧಿಸಿದೆ. ಆ ಭಾನುವಾರ ನಡೆದದ್ದೆಲ್ಲ ನಡೆದ ಮೇಲೂ, ನನ್ನ ಎಡಗಿವಿ ಇನ್ನೂ ತನ್ನ ಹಳೆಯ ಗಾತ್ರಕ್ಕೆ ಮರಳದ ಈ ಹೊತ್ತಿನಲ್ಲೂ, ಈ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ!

ನಾನು ಶಿಕಾರಿಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಬಿ.ಕಾಂ. ಪದವೀಧರ. ಊರಿನ ಸೇವಾ ಕ್ಲಬ್ಬಿನ ಸದಸ್ಯ. ಕಣ್ಣಿನ ತಪಾಸಣೆ, ರಕ್ತದಾನ, ಶಾಲೆ ಮಕ್ಕಳಿಗೆ ನೋಟ್‌ಬುಕ್ಕು, ಇವೆಲ್ಲ ನಾವು ಊರಿಗೆ ಮಾಡುವ ಸೇವೆ. ತಿಂಗಳಿಗೊಬ್ಬ ಅತಿಥಿಯನ್ನು ಕರೆಸಿ ಅವರ ಭಾಷಣ ಕೇಳುವುದು ನಮಗೆ ನಾವೇ ಕೊಟ್ಟುಕೊಳ್ಳುವ ಶಿಕ್ಷೆ. ಅಧ್ಯಕ್ಷರು ಪುಟ್ಟ ಸುತ್ತಿಗೆಯಿಂದ ಗಂಟೆ ಬಾರಿಸಿದರೆ ಸಭೆ ಶುರು. ವಂದನಾರ್ಪಣೆಯಾದ ಮೇಲೆ ಮತ್ತೆ ಬಾರಿಸಿದರೆ ಮುಗಿಯಿತು. ವಂದನಾರ್ಪಣೆ ಆಗಲಿಲ್ಲವೋ, ಸಭೆ ಶಾಸ್ತ್ರಪ್ರಕಾರ ಮುಗಿದಂತೆಯೇ ಅಲ್ಲ.

ಆದರೆ ನಮ್ಮ ಜನಕ್ಕೆ ಶಾಸ್ತ್ರ ಎಲ್ಲಿದೆ? ‘ಈಗ ವಂದನಾರ್ಪಣೆ’ ಎಂದು ನಿರೂಪಕರು ಹೇಳಿದರೆ ‘ಎಲೆ ಹಾಕಿದ್ದಾರೆ, ಏಳಿ’ ಎಂದೇ ಅವರು ತಿಳಿಯುತ್ತಾರೆ. ನಾನು ‘ಗೌರವಾನ್ವಿತ’ ಎನ್ನುವಾಗ ಅರ್ಧ ಸಭೆ ಬಾಗಿಲಲ್ಲಿರುತ್ತದೆ. ‘ಅಧ್ಯಕ್ಷರೇ’ ಎನ್ನುವಾಗ ಅಧ್ಯಕ್ಷರೂ ಕೈ ತೊಳೆಯುತ್ತಿರುತ್ತಾರೆ. ಹಿಂದೊಮ್ಮೆ ಕುಟುಂಬ ಸಮೇತ ತೊಗರ್ಸಿಗೆ ಹೋಗಿ ಕೂಟ ನಡೆಸಿದಾಗ, ಕೊನೆಗೆ ನನ್ನೆದುರು ಉಳಿದವನು ಶಾಮಿಯಾನದವನೊಬ್ಬನೇ. ಎಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾನಲ್ಲ ಎಂದು ಭಾವುಕನಾಗಿ ಇನ್ನೆರಡು ಮಾತು ಸೇರಿಸಿದೆ. ಮುಗಿದ ಮೇಲೆ ಹತ್ತಿರ ಬಂದು, “ಅಣ್ಣಾ, ಆ ಮೈಕಿನ ಸ್ಟ್ಯಾಂಡ್ ಬಿಟ್ರೆ ಗಾಡಿ ಲೋಡ್ ಆಗ್ತತಿ” ಎಂದ.

ಅವತ್ತೇ ನಿರ್ಧರಿಸಿದೆ. ಒಂದು ಸಲ, ಒಂದೇ ಒಂದು ಸಲ, ನನ್ನ ವಂದನಾರ್ಪಣೆಯನ್ನು ಜನ ಕೊನೆಯವರೆಗೂ ಕೂತು ಕೇಳಬೇಕು. ಅದಕ್ಕೆ ಏನು ಬೆಲೆ ತೆರಬೇಕಾದರೂ ಸರಿ!

ಬೆಲೆ ತೆರುವ ಅವಕಾಶ ಬೇಗನೇ ಬಂತು. ಸೊರಬದ ಕ್ಲಬ್ಬಿನವರೊಂದಿಗೆ ನಮ್ಮೂರಿನಲ್ಲಿ ಜಂಟಿ ಸಭೆ, ಮಧ್ಯಾಹ್ನ ಕುಟುಂಬ ಸಮೇತ ಹೋಳಿಗೆ ಊಟ. ಅತಿಥಿ ಭಾಷಣಕಾರರು ಜಡೆ ಊರಿನಿಂದ ಬರುವ ಸುನಂದಾ ಮೇಡಂ. ಜೇನು ಸಾಕಣೆಯಲ್ಲಿ ಹೆಸರು ಮಾಡಿದವರು. ಜೇನಿನ ಬಗ್ಗೆ ಮಾತು ಶುರು ಮಾಡಿದರೆ ನೀರು ಕುಡಿಯಲೂ ನಿಲ್ಲಿಸುವವರಲ್ಲ ಎಂದು ಸೊರಬ ಕ್ಲಬ್ಬಿನ ಅಧ್ಯಕ್ಷ ಗಣಪತಿ ಮೇಷ್ಟ್ರು ಫೋನಿನಲ್ಲೇ ಎಚ್ಚರಿಸಿದ್ದರು. “ನೀವು ವಂದನಾರ್ಪಣೆ ಊಟ ಆದ್ಮೇಲೆ ಇಟ್ಕಳಿ ಚನ್ನೇಶಣ್ಣ. ನಮ್ಮಲ್ಲಿ ಹಂಗೇ ಮಾಡೋದು. ಕೇಳೋರು ಯಾರೂ ಇರಲ್ಲ, ಯಾರಿಗೂ ತೊಂದ್ರೆ ಇಲ್ಲ” ಎಂದು ನಗುತ್ತ ಸಲಹೆಯನ್ನೂ ಕೊಟ್ಟರು. ಆ ನಗು ಫೋನು ಇಟ್ಟ ಮೇಲೂ ನನ್ನ ಕಿವಿಯಲ್ಲಿತ್ತು.

ಭಾನುವಾರ ಬೆಳಿಗ್ಗೆ ನಾನು ಹೊಸ ಬೀಗವೊಂದನ್ನು ಬ್ಲೇಜರಿನ ಜೇಬಿಗೆ ಹಾಕುವುದನ್ನು ಹೆಂಡತಿ ಗಿರಿಜಾ ನೋಡಿಬಿಟ್ಟಳು.

“ಬೀಗ ಯಾಕ್ರೀ?”

“ಶಿಸ್ತಿಗೆ.”

“ಯಾರ ಶಿಸ್ತಿಗೆ?”

“ವಂದನಾರ್ಪಣೆಗೆ ಮುಂಚೆ ಎದ್ದು ಹೋಗೋರ ಶಿಸ್ತಿಗೆ.”

“ತೊಗರ್ಸೀಲಿ ನಾನೂ ಎದ್ದು ಹೋಗಿದ್ದೆ ಕಣ್ರೀ. ಮೊಸರನ್ನ ಖಾಲಿ ಆಗ್ತಿತ್ತು.”

ಮನೆಯೊಳಗೇ ಇಂಥ ಪರಿಸ್ಥಿತಿ!

ನಮ್ಮ ಸಭಾಂಗಣಕ್ಕೆ ಎರಡೇ ಬಾಗಿಲು. ಹಿಂದಿನದು ಅಡುಗೆಮನೆಗೆ ಹೋಗುತ್ತದೆ; ತಪ್ಪಿಸಿಕೊಳ್ಳುವವರ ಹೆದ್ದಾರಿಯೇ ಅದು. ಕಿಟಕಿಗಳಿಗೆಲ್ಲ ಸೊಳ್ಳೆ ಪರದೆಯ ಜಾಲರಿ. ನಾನು ಅಡುಗೆ ಭಟ್ಟರನ್ನು ಪಕ್ಕಕ್ಕೆ ಕರೆದು, “ನಾನು ಮಾತು ಶುರು ಮಾಡೋ ಮುಂಚೆ ನಿಮ್ಮ ಕಡೆಯಿಂದ ಚಿಲಕ ಹಾಕ್ಕೊಳ್ರಿ. ಯಾರು ಬಂದು ಬಡಿದ್ರೂ, ಎಷ್ಟು ಬೇಡಿಕೊಂಡ್ರೂ, ವಂದನಾರ್ಪಣೆ ಮುಗಿಯೋವರೆಗೆ ತೆಗೀಬೇಡ್ರಿ” ಎಂದೆ. ಭಟ್ಟರು ಮಾತಿಗೆ ತಪ್ಪದ ಮನುಷ್ಯ. ತಲೆಯಾಡಿಸಿದರು.

ಸುನಂದಾ ಮೇಡಂ ಬಂದರು. ಜೊತೆಗೆ ಗೋಣಿಚೀಲ ಸುತ್ತಿದ ಒಂದು ಜೇನುಪೆಟ್ಟಿಗೆಯೂ ಬಂತು. ಗೋಣಿ ಬಿಚ್ಚಿ, ಬಾಯಿಗೆ ಬಟ್ಟೆ ತುರುಕಿದ್ದ ಆ ಪೆಟ್ಟಿಗೆಯನ್ನು ವೇದಿಕೆಯ ಮೇಜಿನ ಮೇಲಿಟ್ಟರು. ನಮ್ಮ ಅಧ್ಯಕ್ಷರಾದ ರಹಮತ್ ಸಾಹೇಬರು ಗಂಟೆ ಬಾರಿಸಿದರು. ಸಾಹೇಬರದ್ದು ಕಬ್ಬಿಣದ ಬೀರು, ಮಂಚ ಮಾಡುವ ವರ್ಕ್‌ಶಾಪು. ಅವರು ಬಾರಿಸಿದರೆ ಗಂಟೆ ಗಂಟೆಯ ಹಾಗೇ ಕೇಳುತ್ತದೆ. ಆಮೇಲೆ ಮೇಡಂ ಮಾತಾಡಿದರು. ಮಾತಾಡಿದರು. ಇನ್ನೂ ಮಾತಾಡಿದರು. ಹೋಳಿಗೆ ಬೇಯುವ ವಾಸನೆ ಒಳಗೆ ಬಂದು ಎಲ್ಲರ ಮುಖದಲ್ಲೂ ಕೂತಿತು.

ಭಾಷಣದ ಕೊನೆಗೆ ಅವರು ಒಂದು ಮುಖ್ಯ ಮಾತು ಹೇಳಿದರಂತೆ. “ಜೇನುಹುಳ ಸುಮ್‌ಸುಮ್ನೆ ಕಚ್ಚಲ್ಲ ಮಾರಾಯ್ರೆ. ಅದಕ್ಕೆ ಆಗದೇ ಇರೋದು ಅಂದ್ರೆ ಒಂದೇ, ಪೆಟ್ಟಿಗೆ ಅಲುಗಾಡ್ಸೋದು.” ಇದನ್ನು ಸಭೆಯಲ್ಲಿದ್ದ ಪ್ರತಿಯೊಬ್ಬರೂ ಕೇಳಿಸಿಕೊಂಡಿದ್ದಾರೆ. ನಾನೊಬ್ಬ ಕೇಳಿಸಿಕೊಳ್ಳಲಿಲ್ಲ. ಆಗ ನಾನು ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕುತ್ತಿದ್ದೆ.

ಮೇಡಂಗೆ ಶಾಲು ಹೊದಿಸಿ, ಹಾರ ಹಾಕಿ, ಎರಡು ಕ್ಲಬ್ಬಿನವರೂ ಫೋಟೋಕ್ಕೆ ನಿಂತರು. ಆ ಗಡಿಬಿಡಿಯಲ್ಲಿ ನಾನು ವೇದಿಕೆ ಹತ್ತಿ ನೋಡುತ್ತೇನೆ, ಮೇಜಿನ ಮೇಲಿನ ಜೇನುಪೆಟ್ಟಿಗೆ ಸರಿಯಾಗಿ ನನ್ನ ಮುಖಕ್ಕೆ ಅಡ್ಡ! ಜೀವನದಲ್ಲಿ ಮೊದಲ ಸಲ ಜನ ಕೂತು ಕೇಳುವವರಿದ್ದಾರೆ. ಅವರಿಗೆ ನನ್ನ ಮುಖ ಕಾಣದಿದ್ದರೆ ಹೇಗೆ? ಪೆಟ್ಟಿಗೆಯನ್ನು ಎತ್ತಿದೆ. ಮೇಜಿನ ಪಕ್ಕದಲ್ಲಿ ನನ್ನ ಎದೆಯೆತ್ತರದ ಸೌಂಡ್ ಬಾಕ್ಸ್ ಇತ್ತು. ಸಮತಟ್ಟಾದ ಜಾಗ, ಅಚ್ಚುಕಟ್ಟಾಗಿ ಕೂತಿತು. ಅದರ ಮೇಲಿಟ್ಟೆ.

“ಈಗ ವಂದನಾರ್ಪಣೆ.”

ಕುರ್ಚಿಗಳು ಕಿರುಗುಟ್ಟಿದವು. ಜನ ಹಿಂಬಾಗಿಲಿಗೆ ಹೋದರು, ತೆಗೆಯಲಿಲ್ಲ. ಮುಂಬಾಗಿಲಿಗೆ ಹೋದರು, ಬೀಗ ಕಂಡಿತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಮೈಕಿನ ಹಿಂದೆ ನಿಂತು ಮುಗುಳ್ನಕ್ಕೆ. ಒಬ್ಬೊಬ್ಬರೇ ಬಂದು ಕೂತರು. ಗಣಪತಿ ಮೇಷ್ಟ್ರೂ ಕೂತರು! ಅಂಥ ಸುಖವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಗಂಟಲು ಸರಿಮಾಡಿಕೊಂಡು, ಹೊಟ್ಟೆಯಾಳದಿಂದ ದನಿ ತೆಗೆದೆ. “ಗೌರವಾನ್ವಿತ ಅಧ್ಯಕ್ಷರೇ!”

ಸೌಂಡ್ ಬಾಕ್ಸ್ ಧಂ ಎಂದು ನಡುಗಿತು. ಅದರ ಮೇಲಿನ ಪೆಟ್ಟಿಗೆಯೂ ನಡುಗಿತು.

“ವೇದಿಕೆಯ ಮೇಲಿನ ಗಣ್ಯರೇ! ಸೊರಬದಿಂದ ಆಗಮಿಸಿರುವ ಆತ್ಮೀಯರೇ!”

ಮುಚ್ಚಳ ಬೆರಳಷ್ಟು ಸರಿಯಿತು. ನಾನು ನೋಡಲಿಲ್ಲ. ಸುನಂದಾ ಮೇಡಂ ನೋಡಿದರು. “ಅಯ್ಯೋ! ಪೆಟ್ಟಿಗೇನ ಅಲ್ಲಿ ಇಟ್ಟವ್ರು ಯಾರು ಮಾರಾಯ್ರೆ?” ಎಂದು ಕೂಗಿದರು. ಮಾತಿನ ಮಧ್ಯೆ ಬಾಯಿ ಹಾಕುವವರನ್ನು ನಾನು ಗಮನಿಸುವುದಿಲ್ಲ. ಇನ್ನೂ ಎತ್ತರದ ದನಿಯಲ್ಲಿ ಮುಂದುವರಿಸಿದೆ. “ಪತ್ರಿಕಾ ಮಿತ್ರರೇ!”

ಜೇನು ಎದ್ದಿತು.

“ನೋಡ್ರಪ್ಪಾ” ಎಂದರು ಗಣಪತಿ ಮೇಷ್ಟ್ರು, ಆ ಹೊತ್ತಿನಲ್ಲೂ. “ಚನ್ನೇಶಣ್ಣನ ವಂದನಾರ್ಪಣೆಗೆ ಹುಳನೂ ಎದ್ದು ಹೊಂಟ್ವು!” ನಗಲು ತೆರೆದ ಬಾಯಿಯನ್ನು ಅವರು ಬೇಗ ಮುಚ್ಚಬೇಕಾಯಿತು. ಮೊದಲ ಕಡಿತ ಅವರಿಗೇ, ಕೆಳದುಟಿಗೆ.

ನಾನು ಹೆದರಿ ಓಡಿದೆನೆಂದು ಈಗ ಕೆಲವರು ಹೇಳುತ್ತಿದ್ದಾರೆ. ಅದು ಶುದ್ಧ ಸುಳ್ಳು. ಓಡುವ ಮೊದಲು ನನ್ನ ಬ್ಲೇಜರನ್ನು ಬಿಚ್ಚಿ ಆ ಪೆಟ್ಟಿಗೆಯ ಮೇಲೆ ಎಸೆದು ಮುಚ್ಚಿದವನು ನಾನೇ. ಆಮೇಲೆ ಓಡಿದೆ.

ಶಾಲು, ಫಲಕ, ಹಣ್ಣಿನ ಬುಟ್ಟಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ಜನ ಹುಳಗಳನ್ನು ಬೀಸಿ ಹೊಡೆಯತೊಡಗಿದರು. ಹೊಡೆದಷ್ಟೂ ಅವು ಕೆರಳಿದವು. ಸುನಂದಾ ಮೇಡಂ ವೇದಿಕೆಯ ಮೇಲೆ ನಿಂತು, “ಹೊಡೀಬೇಡಿ! ಮಕ್ಕಳ ಹಂಗೆ ಸಾಕಿದೀನಿ! ನನ್ನ ರಾಣಿ ಎಲ್ಲಿ ಹೋದ್ಲು?” ಎಂದು ಅರಚುತ್ತಿದ್ದರು. ನಮ್ಮನ್ನೂ ಯಾರೋ ಮಕ್ಕಳ ಹಾಗೆ ಸಾಕಿದ್ದರು ಎಂಬುದು ಅವರ ಗಮನಕ್ಕೆ ಬಂದಂತಿರಲಿಲ್ಲ.

ಎಲ್ಲರೂ ಹಿಂಬಾಗಿಲಿಗೆ ಮುಗಿಬಿದ್ದೆವು. ನಾನೇ ಎರಡೂ ಕೈಯಲ್ಲಿ ಬಡಿದೆ. “ಭಟ್ರೇ, ಬಾಗಿಲು ತೆಗೀರಿ!”

ಒಳಗಿನಿಂದ ಶಾಂತವಾದ ದನಿ ಬಂತು. “ವಂದನಾರ್ಪಣೆ ಮುಗೀತಾ?”

ಆ ಗಾಬರಿಯಲ್ಲಿ ಸುಳ್ಳು ಹೊಳೆಯಲಿಲ್ಲ. “ಇನ್ನೂ ಇಲ್ರೀ!” ಎಂದೆ.

“ಹಂಗಾದ್ರೆ ತೆಗಿಯಂಗಿಲ್ಲ. ನೀವೇ ಹೇಳೀರಿ.”

“ನಾನೇ ಈಗ ತೆಗೀರಿ ಅಂತಿದೀನಿ!”

“ಎಷ್ಟು ಬೇಡಿಕೊಂಡ್ರೂ ಅಂತನೂ ಹೇಳೀರಿ.”

ಗಿರಿಜಾ ನನ್ನ ಅಂಗಿಯ ಕಾಲರು ಹಿಡಿದು ಎಳೆದಳು. “ಮುಂದಿನ ಬಾಗಿಲು! ಕೀ ಎಲ್ರೀ?”

“ಬ್ಲೇಜರಿನ ಜೇಬಲ್ಲಿ.”

“ಬ್ಲೇಜರ್ ಎಲ್ಲಿ?”

ನಾನು ಕೈ ತೋರಿಸಿದೆ. ಸೌಂಡ್ ಬಾಕ್ಸಿನ ಮೇಲೆ, ಜೇನುಪೆಟ್ಟಿಗೆಯ ಮೇಲೆ, ನೀಲಿ ಬ್ಲೇಜರು ತಾನೇ ಉಸಿರಾಡುತ್ತಿರುವಂತೆ ಅಲುಗುತ್ತಿತ್ತು.

ಇಲ್ಲಿಯವರೆಗಿನದನ್ನು ನಾನು ಯಾರಿಗೆ ಬೇಕಾದರೂ ನಗುತ್ತ ಹೇಳಬಲ್ಲೆ. ಆಮೇಲಿನದನ್ನು ಹೇಳುವಾಗ ಮಾತು ಸ್ವಲ್ಪ ತಡವರಿಸುತ್ತದೆ. ಗೋಡೆಗೊರಗಿ ಕೂತಿದ್ದ ರಹಮತ್ ಸಾಹೇಬರು ನನ್ನ ಕೈ ಹಿಡಿದುಕೊಂಡರು. ಕುತ್ತಿಗೆಗೆ, ತುಟಿಗೆ ಕಡಿದಿತ್ತು. ಮುಖ ಗುರುತು ಸಿಗದ ಹಾಗೆ ಊದಿತ್ತು. “ಚನ್ನೇಶ್ ಭಾಯ್...” ಎಂದರು. ಮುಂದಿನ ಮಾತು ಬರಲಿಲ್ಲ. ಉಸಿರು ಸಣ್ಣಗೆ ಸಿಳ್ಳೆ ಹೊಡೆಯತೊಡಗಿತು. ಬೇಸಿಗೆಯಲ್ಲೂ ಬೆಂಕಿ, ಕಬ್ಬಿಣದ ನಡುವೆ ಇರುವ ಆ ಕೈ ತಣ್ಣಗಾಗಿತ್ತು. ಈಗಲೂ ಅಂಗಡಿಯಲ್ಲಿ ಫ್ಯಾನು ಗುಂಯ್‌ಗುಟ್ಟಿದರೆ ನನಗೆ ಮೊದಲು ನೆನಪಾಗುವುದು ಹುಳವಲ್ಲ, ಆ ಸಿಳ್ಳೆ.

ನಾನು ವೇದಿಕೆಗೆ ಹೋದೆ. ಬ್ಲೇಜರು ಎತ್ತಿದೆ. ಅದರ ಕೆಳಗೆ ಕಾದು ಕೂತಿದ್ದವರೆಲ್ಲ ಒಟ್ಟಿಗೆ ನನ್ನನ್ನು ಸ್ವಾಗತಿಸಿದರು. ಜೇಬಿನಲ್ಲಿ ಕೈ ಹಾಕಿದರೆ ಅಲ್ಲೂ ಒಬ್ಬರಿದ್ದರು. ಕೀ ತಂದು ಬಾಗಿಲು ತೆಗೆದೆ. ಇದನ್ನು ಸಾಹಸ ಎನ್ನಲು ಗಿರಿಜಾ ಇವತ್ತಿಗೂ ಒಪ್ಪುವುದಿಲ್ಲ. “ಬೀಗ ಹಾಕಿದೋರೇ ತೆಗೆದ್ರೆ ಅದೆಂಥ ಸಾಹಸ?” ಎನ್ನುತ್ತಾಳೆ.

ಸೊರಬದವರು ಬಂದಿದ್ದ ಟೆಂಪೋದಲ್ಲೇ ಎಲ್ಲರೂ ಆಸ್ಪತ್ರೆ ಸೇರಿದೆವು. ಸಾಹೇಬರಿಗೆ ಮೊದಲು ಇಂಜೆಕ್ಷನ್, ಆಮ್ಲಜನಕ. ಸಿಳ್ಳೆ ನಿಧಾನವಾಗಿ ಕಡಿಮೆಯಾಗಿ, ನಿಂತಿತು. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದು ಸ್ವಲ್ಪ ಹೊತ್ತು ನಿಂತು ಬಂದೆ. ಮುಖ ಉರಿಯುತ್ತಿತ್ತು, ಅಷ್ಟೆ.

ವಾಪಸ್ ಬಂದಾಗ ಎರಡೂ ಕ್ಲಬ್ಬಿನವರು ವಾರ್ಡಿನ ಉದ್ದಕ್ಕೂ ಮಂಚಗಳ ಮೇಲೆ, ಬೆಂಚುಗಳ ಮೇಲೆ ಸಾಲಾಗಿ ಒರಗಿದ್ದರು. ಎಲ್ಲರಿಗೂ ಇಂಜೆಕ್ಷನ್ ಆಗಿತ್ತು. ಡಾಕ್ಟರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದರು. “ಸ್ವಲ್ಪ ಹೊತ್ತು ಯಾರೂ ಏಳೋ ಹಾಗಿಲ್ಲ.”

ಯಾರೂ ಏಳುವ ಹಾಗಿಲ್ಲ!

ನನ್ನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ವಂದನಾರ್ಪಣೆಯ ಹಾಳೆ ಸುರಕ್ಷಿತವಾಗಿತ್ತು. ಸಭೆ ಶಾಸ್ತ್ರಪ್ರಕಾರ ಇನ್ನೂ ಮುಗಿದಿರಲಿಲ್ಲ. ವಾರ್ಡಿನ ನಡುವೆ ನಿಂತು, ಈ ಸಲ ಮೈಕಿಲ್ಲದೆ, ಶುರು ಮಾಡಿದೆ. ಗಣ್ಯರಿಗೆ ವಂದಿಸಿದೆ. ರಾಣಿಯನ್ನು ಹುಡುಕಲು ಸಭಾಂಗಣದಲ್ಲೇ ಉಳಿದ ಸುನಂದಾ ಮೇಡಂಗೆ ವಂದಿಸಿದೆ. ಟೆಂಪೋದವರಿಗೆ, ಡಾಕ್ಟರಿಗೆ, ಕೊಟ್ಟ ಮಾತಿಗೆ ತಪ್ಪದ ಭಟ್ಟರಿಗೆ ಹೊಸದಾಗಿ ಸೇರಿಸಿ ವಂದಿಸಿದೆ. ಒಬ್ಬರೂ ಏಳಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಗಣಪತಿ ಮೇಷ್ಟ್ರು ನನ್ನ ಕಡೆಗೇ ಮುಖ ಮಾಡಿ ತಲೆದೂಗುತ್ತಿದ್ದರು. ಕೊನೆಯ ವಾಕ್ಯ ಮುಗಿಯುತ್ತಿದ್ದಂತೆ ರಹಮತ್ ಸಾಹೇಬರು ಮಲಗಿದಲ್ಲಿಂದಲೇ ಕೈ ಎತ್ತಿ, ಬೆರಳಿನ ಉಂಗುರದಿಂದ ಮಂಚದ ಕಂಬಿಗೆ ಟಣ್ ಟಣ್ ಎಂದು ಬಾರಿಸಿದರು. ಸಭೆ ವಿಧ್ಯುಕ್ತವಾಗಿ ಮುಕ್ತಾಯವಾಯಿತು! ನನ್ನ ಕಣ್ಣು ತುಂಬಿ ಬಂತು.

ಈಗ ಕ್ಲಬ್ಬಿನಲ್ಲಿ ದೊಡ್ಡ ಚರ್ಚೆ. ಇನ್ನು ಮುಂದೆ ವಂದನಾರ್ಪಣೆಯನ್ನು ಬೇರೆಯವರಿಗೆ ಕೊಡಬೇಕಂತೆ. ಸಾಹೇಬರು ಗುಣವಾಗಿ ಬಂದು, ಮೊದಲ ಕೆಲಸವಾಗಿ ಆ ಮುಂಬಾಗಿಲಿನ ಒಳಗಿನ ಕೊಂಡಿಯನ್ನೇ ತಮ್ಮ ಕೈಯಾರೆ ಕತ್ತರಿಸಿ ತೆಗೆದಿದ್ದಾರೆ. ಅದು ಸರಿ, ನಾನೇ ಟಾರ್ಚು ಹಿಡಿದೆ. ಬಾಗಿಲಿಗೆ ಇನ್ನು ಬೀಗ ಬೇಡ, ಒಪ್ಪಿದೆ. ಆದರೆ ಮೈಕು? ಅದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ!

ಮೊನ್ನೆ ಕಾಫಿ ಕುಡಿಯುತ್ತ ಗಿರಿಜಾಗೂ ಇದನ್ನೇ ಹೇಳಿದೆ. “ಇಡೀ ವಾರ್ಡು ಕೂತು ಕೇಳಿದೆ. ಅಂಥ ಸಭೆ ಯಾವ ಮಂತ್ರಿಗೆ ಸಿಕ್ಕೀತು?”

ಅವಳು ಲೋಟ ಕೆಳಗಿಟ್ಟಳು. “ರೀ, ಆ ಇಂಜೆಕ್ಷನ್ ತಗೊಂಡ್ರೆ ನಿದ್ದೆ ಬರ್ತತಿ ಅಂತ ಸಿಸ್ಟರ್ ಮೊದ್ಲೇ ಹೇಳಿದ್ರು. ಎಲ್ರೂ ಮಲಗಿದ್ರು.”

“ಸುಳ್ಳು. ಗಣಪತಿ ಮೇಷ್ಟ್ರು ತಲೆದೂಗ್ತಿದ್ರು.”

“ತೂಕಡಿಸ್ತಿದ್ರು. ಕಣ್ಣು ಊದಿ ಮುಚ್ಚಿತ್ತಲ್ಲ, ನಿಮಗೆ ಗೊತ್ತಾಗಿಲ್ಲ.”

“ರಹಮತ್ ಸಾಹೇಬ್ರು ಗಂಟೆ ಬಾರಿಸಿದ್ರಲ್ಲ, ಅದು?”

“ನನ್ನ ಬಿಟ್ರೆ ಎಚ್ಚರ ಇದ್ದಿದ್ದು ಅವರೊಬ್ರೇ. ನಿಮ್ಮನ್ನ ಹೊರಗೆ ಕಳ್ಸಿ ಅಂತ ಸಿಸ್ಟರ್‌ನ ಕರೀತಿದ್ರು.”

ನಾನು ಕಾಫಿ ಮುಗಿಸಿದೆ. ಲೋಟ ತೊಳೆದಿಟ್ಟೆ. ಎಡಗಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡೆ.

ಆದರೇನಂತೆ? ಎದ್ದು ಹೋಗಲಿಲ್ಲ ತಾನೆ!