ವೈಫೈಗೂ ಬೀಗ ಹಾಕಿದ ಯಜಮಾನರು

ನಮ್ಮ ಯಜಮಾನರಿಗೆ ಬೀಗ ಹಾಕುವ ರೋಗವಿದೆ. ಇದಕ್ಕೆ ಯಾವ ಡಾಕ್ಟರೂ ಗುಳಿಗೆ ಕಂಡುಹಿಡಿದಿಲ್ಲ. ಹಿಡಿದಿದ್ದರೂ ಇವರು ಆ ಗುಳಿಗೆ ಡಬ್ಬಿಗೇ ಬೀಗ ಹಾಕುತ್ತಿದ್ದರು! ಹೆಸರು ಮಾತ್ರ ಕೇಳಬೇಡಿ. ನಲವತ್ತು ವರ್ಷ ಬಾಯಿಗೆ ತರದ ಗಂಡನ ಹೆಸರನ್ನು ಈಗ ಕಾಗದಕ್ಕೆ ತಂದರೆ ಸುರಪುರದ ನಮ್ಮ ಓಣಿಯವರು ನನ್ನನ್ನೇ ಆಡಿಕೊಳ್ಳುತ್ತಾರೆ.

ಸಕ್ಕರೆ ಡಬ್ಬಿಗೆ ಬೀಗ. ನೀರಿನ ಮೋಟಾರಿನ ಪೆಟ್ಟಿಗೆಗೆ ಬೀಗ. ಅಂಗಳದ ಸೈಕಲ್ಲಿಗೆ ಎರಡು ಬೀಗ. ಆ ಸೈಕಲ್ಲಿಗೆ ಹಿಂದಿನ ಗಾಲಿಯೇ ಇಲ್ಲ! ಕೀಲಿಗಳೆಲ್ಲ ಉಡದಾರಕ್ಕೆ. ಇವರು ನಡೆದು ಬಂದರೆ, ಗೆಜ್ಜೆ ಕಟ್ಟಿದ ಎತ್ತು ಬಂತೆಂದು ಜನ ಹಾದಿ ಬಿಡುತ್ತಾರೆ.

ಇಂಥವರ ಕೈಗೆ ಮಗ ಲ್ಯಾಪ್‌ಟಾಪ್ ತಂದುಕೊಟ್ಟ. ವಾರವಿಡೀ ಕನ್ನಡಕ ಒರೆಸಿ ಒರೆಸಿ, ಅದರೊಳಗೆ ಮನೆಮಂದಿಗೆಲ್ಲ ಬೇರೆ ಬೇರೆ ಖಾತೆ ಮಾಡಿದರು. ಮಗನಿಗೊಂದು, ಸೊಸೆಗೊಂದು, ಮೊಮ್ಮಗಳಿಗೊಂದು, ತಮಗೊಂದು. ಎಲ್ಲದರ ಕೆಳಗೆ ‘ಮಾಲಕರು’ ಎಂದು ಮತ್ತೊಂದು. ಒಬ್ಬ ಮನುಷ್ಯನಿಗೆ ಎರಡು ಖಾತೆ! ಯಾವ ನವಾಬ ಹೀಗೆ ಆಳಿದ್ದಾನೆ?

ವೈಫೈ ಇವರ ಖಾತೆಯಲ್ಲಿ ಮಾತ್ರ ಬರುತ್ತಿತ್ತು. ಬೇರೆಯವರು ತಮ್ಮ ಖಾತೆ ತೆರೆದರೆ ಅದು ಪಾಸ್‌ವರ್ಡ್ ಕೇಳುತ್ತಿತ್ತು.

“ಮಾವಾರಿ, ಪಾಸ್‌ವರ್ಡ್ ಹೇಳ್ರಿ” ಎಂದು ಸೊಸೆ ಕೇಳಿದರೆ, “ನಿಂದೇನು ಕೆಲಸ ಹೇಳವ್ವಾ, ನನ್ನ ಖಾತಿಯೊಳಗ ಮಾಡಿಕೊಡ್ತೀನಿ” ಎನ್ನುತ್ತಿದ್ದರು. ಅವಳು ತವರಿನವರ ಜೊತೆ ವಿಡಿಯೋದಲ್ಲಿ ಮಾತಾಡುವಾಗಲೂ ಪಕ್ಕದಲ್ಲಿ ಪಹರೆ! ಅತ್ತೆಯ ಮೇಲೆ ನಾಲ್ಕು ಚಾಡಿ ಹೇಳಲು ಆ ಬಡಪಾಯಿಗೆ ಜಾಗ ಬೇಡವೇ?

ಹೋದ ತಿಂಗಳು ಮೊಮ್ಮಗಳು ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಬೇಕಿತ್ತು. ಆದಾಯ ಪ್ರಮಾಣಪತ್ರ ಕೈಗೆ ಬಂದದ್ದೇ ಕಡೆಯ ದಿನ ಮಧ್ಯಾಹ್ನ. ಸಂಜೆ ಐದಕ್ಕೆ ಅರ್ಜಿ ಬಂದ್. ಮಗ-ಸೊಸೆ ಮೊಬೈಲು ಸಮೇತ ಗುರುಮಠಕಲ್ ಮದುವೆಗೆ ಹೋಗಿದ್ದರು. ಓಣಿಯ ನೆಟ್ ಅಂಗಡಿಗೂ ಅಂದೇ ಬೀಗ! ಯಜಮಾನರೋ ಬೆಳಿಗ್ಗೆಯೇ ಗೋಗಿ ಊರಿನ ಬಸ್ಸು ಹತ್ತಿದ್ದರು. ಪಕ್ಕದ ಮನೆಯಾಕೆಯ ಗುಂಡಿ ಫೋನಿನಿಂದ ಅವರಿಗೆ ಫೋನ್ ಹಚ್ಚಿದೆವು. ನಮ್ಮ ಮನೆಯ ಟ್ರಂಕಿನೊಳಗೇ ಗಂಟೆ ಬಾರಿಸಿತು! ಬಸ್ಸಿನಲ್ಲಿ ಕಳುವಾದೀತೆಂದು ಮೊಬೈಲಿಗೆ ಬೀಗ ಹಾಕಿಟ್ಟು ಹೋಗಿದ್ದರು ಪುಣ್ಯಾತ್ಮರು.

ಹುಡುಗಿ ಕಣ್ಣು ತುಂಬಿಕೊಂಡಳು. “ಆಯಿ, ನಂದು ಒಂದು ವರ್ಷ ಹೋಯ್ತು.”

“ಹ್ಯಾಂಗ ಹೋಗ್ತದ? ಆ ಮಾಲಕರ ಖಾತಿ ತೆಗಿ.”

“ಅದು ಮುತ್ಯಾಂದು. ಅದಕ್ಕೂ ಕೀಲಿ ಇರ್ತದ.”

“ಇದ್ರ ಆ ಡಬ್ಬಿನ ಒಡದ್ಬಿಡ್ತೀನಿ. ಒತ್ತು!”

ಒತ್ತಿದಳು. ಏನೂ ಕೇಳಲಿಲ್ಲ! ಸೀದಾ ತೆರೆಯಿತು. ಅಕ್ಷರಗಳು ಬೆರಳಷ್ಟು ದಪ್ಪ. ವೈಫೈ ತಾನಾಗಿಯೇ ಹತ್ತಿಕೊಂಡಿತು. ಪರದೆಯ ತುಂಬ ನನ್ನ ಫೋಟೋ: ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಬಾಯಿ ಇಷ್ಟಗಲ ತೆರೆದು ಯಾರನ್ನೋ ಬೈಯುತ್ತಿದ್ದೇನೆ. ಯಾರನ್ನು ಎಂದು ಬೇರೆ ಹೇಳಬೇಕೇ? ಫೋಟೋ ತೆಗೆದವರನ್ನೇ!

“ಆಯಿ, ಮಾಲಕರು ನೀನಾ!” ಎಂದು ಹುಡುಗಿ ಅಳುತ್ತಲೇ ನಕ್ಕಳು. ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಹೋಯಿತು.

ಯಜಮಾನರು ಹೊಸ್ತಿಲು ದಾಟುವ ಮುಂಚೆಯೇ ಹರಿಹಾಯ್ದೆ. “ಎಲ್ಲಾರದಕ್ಕೂ ಕೀಲಿ ಜಡೀತೀರಿ, ನಂದ್ಯಾಕ ತೆರೆದಿಟ್ಟೀರಿ? ನಂದಂದ್ರ ಅಷ್ಟು ಅಗ್ಗ ಆತೇನು?”

“ನೀ ನಾಕನೇ ಕ್ಲಾಸ್ ಕಲ್ತಾಕಿ. ಪಾಸ್‌ವರ್ಡ್ ಕೇಳಿದ್ರ ಸಿಟ್ಟಿಗೆದ್ದು ಮುಚ್ಚಿಬಿಡ್ತಿ. ಅದಕ್ಕ ಹಾಕಲಿಲ್ಲ.”

“ಕಳ್ಳರು ಬಂದ್ರ?”

“ಆ ಫೋಟೋ ನೋಡಿ ಯಾವ ಕಳ್ಳ ನಿಲ್ತಾನ?”

“ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?”

“ಹೇಳಾಕ ನೀ ಯಾವಾಗ ಬಾಯಿ ಮುಚ್ಚಿದಿ?”

ಬಾಯಿ ಮುಚ್ಚಿದೆ. ಚಹಾಕ್ಕಿಡಬೇಕಿತ್ತು; ಸಕ್ಕರೆಯ ಕೀಲಿಗಾಗಿ ಕೈ ಚಾಚಿದೆ.

ಮೊನ್ನೆ ಅವರು ಮತ್ತೆ ಗೋಗಿಗೆ ಹೊರಟರು. ಟ್ರಂಕು ತೆರೆಸಿ, ಮೊಬೈಲು ತೆಗೆದು, ಅವರ ಅಂಗಿಯ ಕಿಸೆಗೆ ನಾನೇ ಹಾಕಿದೆ.

“ಕಳುವಾದ್ರ?” ಎಂದರು.

“ಮೊಬೈಲ್ ಇನ್ನೊಂದು ಸಿಗ್ತದ. ಸುಮ್ನ ಇಟ್ಕೋರಿ” ಎಂದು ಕಿಸೆಯ ಗುಂಡಿ ಹಾಕಿದೆ.