ಮನೆ ಒಡೆಯಲು ವೀಸಾ ಬೇಡ

ಮನೆ ಒಡೆಯಬೇಕಾದರೆ ಹಿಂದೆಲ್ಲ ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯ ಬಿಸಿಲಿನಲ್ಲಿ ನಡೆದು ಬರಬೇಕಿತ್ತು, ಜಗಲಿಯಲ್ಲಿ ಕೂರಬೇಕಿತ್ತು, ನಾವು ಕೊಟ್ಟ ಬೆಲ್ಲ ನೀರು ಕುಡಿಯಬೇಕಿತ್ತು. ನಮ್ಮ ಕೆಮ್ಮಣ್ಣು ಊರಿನಲ್ಲಿ ಸೀತಕ್ಕ ಎಂಬವಳಿದ್ದಳು. ತೆಂಗಿನಕಾಯಿ ಕೇಳುವ ನೆಪದಲ್ಲಿ ಬಂದು ನನ್ನ ಕಿವಿಗೊಂದು, ನನ್ನ ಓರಗಿತ್ತಿಯ ಕಿವಿಗೊಂದು ಹಾಕಿ ಹೋಗುತ್ತಿದ್ದಳು. ಆಮೇಲೆ ನಾವಿಬ್ಬರೂ ಬೇರೆ ಬೇರೆ ಒಲೆ ಉರಿಸುತ್ತಿದ್ದೆವು. ಆದರೂ ಅವಳ ಮುಖ ನಮಗೆ ಗೊತ್ತಿತ್ತು. ಜಗಳ ಮುಗಿದ ಮೇಲೆ ಇಬ್ಬರೂ ಸೇರಿ ಬೈಯಲು ಒಬ್ಬಳು ಸಿಗುತ್ತಿದ್ದಳು. ಈಗ ಆ ಸುಖವೂ ಇಲ್ಲ.

ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವ ಸದಾನಂದನದ್ದು ಸಂತೆಕಟ್ಟೆಯಲ್ಲಿ ಪೈಂಟಿನ ಅಂಗಡಿ. ನಾನಿರುವುದು ಅವನ ಮನೆಯಲ್ಲಿ. ಚಿಕ್ಕವ ಜಗದೀಶ ಗಲ್ಫಿನಿಂದ ವಾಪಸು ಬಂದು ಇದೇ ಹಿತ್ತಿಲಿನಲ್ಲಿ ಇನ್ನೊಂದು ಮನೆ ಕಟ್ಟಿದ್ದಾನೆ. ಒಬ್ಬನದ್ದು ಒಂದು ಪಕ್ಷ, ಇನ್ನೊಬ್ಬನದ್ದು ಅದರ ಎದುರಿನದು. ಅದು ಮೊದಲಿನಿಂದಲೂ ಉಂಟು. ವೋಟಿನ ಹಿಂದಿನ ದಿನ ಒಬ್ಬೊಬ್ಬನೇ ಬಂದು ಯಾವ ಬಟನ್ ಒತ್ತಬೇಕೆಂದು ನನಗೆ ಹೇಳುತ್ತಾನೆ, ನಾನು ಆಗಲಿ ಎನ್ನುತ್ತೇನೆ. ವೋಟಿನ ದಿನ ಸಂಜೆ ಇಬ್ಬರೂ ಒಂದೇ ತಟ್ಟೆಯ ಗೋಳಿಬಜೆ ತಿಂದು ಜಗಳ ಮುಗಿಸುತ್ತಿದ್ದರು.

ಮೊಬೈಲು ಬಂದ ಮೇಲೆ ವೋಟಿನ ದಿನ ಮುಗಿಯುವುದೇ ಇಲ್ಲ. ದೊಡ್ಡವನ ಮೊಬೈಲಿನಲ್ಲಿ ಯಕ್ಷಗಾನದ ಕಿರೀಟದ ಚಿತ್ರವಿರುವ ಒಂದು ಪೇಜು, ಚಿಕ್ಕವನದ್ದರಲ್ಲಿ ಮೀನಿನ ದೋಣಿಯ ಚಿತ್ರವಿರುವ ಇನ್ನೊಂದು. ಎರಡೂ ತಮ್ಮನ್ನು ‘ನಮ್ಮೂರಿನ ದನಿ’ ಎಂದು ಕರೆದುಕೊಳ್ಳುತ್ತವೆ. ಒಮ್ಮೆ ಬಿರುಕು ಬಿಟ್ಟ ಸೇತುವೆಯ ಚಿತ್ರ ಬಂತು. ದುಡ್ಡು ತಿಂದದ್ದು ಚಿಕ್ಕವನ ಪಕ್ಷ ಎಂದಿತು ಕಿರೀಟದ ಪೇಜು, ದೊಡ್ಡವನ ಪಕ್ಷ ಎಂದಿತು ದೋಣಿಯ ಪೇಜು. ಅದು ಯಾವ ಊರಿನ ಸೇತುವೆ ಎಂದು ಇಬ್ಬರೂ ಕೇಳಲಿಲ್ಲ. ಮನೆಯವರ ಗ್ರೂಪಿನಲ್ಲಿ ಅಣ್ಣ ತಮ್ಮನನ್ನು ದೇಶದ್ರೋಹಿ ಎಂದ. ತಮ್ಮ ಅಣ್ಣನನ್ನು ಬಾಡಿಗೆ ಚೇಲ ಎಂದ. ಅಲ್ಲಿಗೆ ಮಾತು ನಿಂತಿತು.

ಅಷ್ಟರಲ್ಲಿ ಹೊಸ ಅಕ್ಕಿಯ ಊಟ ಬಂತು. ನಮ್ಮ ಕಡೆ ಹೊಸ ಅಕ್ಕಿಯ ಅನ್ನವನ್ನು ಸುಮ್ಮನೆ ಉಣ್ಣುವ ಹಾಗಿಲ್ಲ. ಎಲೆಗೆ ಬಡಿಸಿದ ಮೇಲೆ ಕಿರಿಯರು ಒಬ್ಬೊಬ್ಬ ಹಿರಿಯರನ್ನೂ ಕರೆದು ‘ಹೊಸತು ಉಣ್ಣುತ್ತೇನೆ’ ಎನ್ನಬೇಕು, ಹಿರಿಯರು ‘ಉಣ್ಣು’ ಎನ್ನಬೇಕು. ಅಣ್ಣನ ಹತ್ತಿರ ಕೇಳಿ ಉಣ್ಣುವ ಗತಿ ತನಗೆ ಬಂದಿಲ್ಲ, ತನ್ನ ಮನೆಯಲ್ಲೇ ಉಣ್ಣುತ್ತೇನೆ ಎಂದು ಚಿಕ್ಕವ ಹೇಳಿ ಕಳುಹಿಸಿದ. ಇಬ್ಬರೂ ಒಂದೇ ಸಾಲಿನಲ್ಲಿ ಕೂರದಿದ್ದರೆ ಈ ವರ್ಷ ನನಗೆ ಹೊಸ ಅನ್ನವೇ ಬೇಡ ಎಂದು ನಾನೂ ಹೇಳಿ ಕಳುಹಿಸಿದೆ.

ಸದಾನಂದನ ಮಗಳು ಶ್ರಾವ್ಯ ಮಣಿಪಾಲದಲ್ಲಿ ಓದುವವಳು. ಈ ಪೇಜುಗಳ ಹಿಂದೆ ಯಾವ ಸೀತಕ್ಕ ಇದ್ದಾಳೆ, ನೋಡಿ ಹೇಳು ಎಂದೆ. ಇಲ್ಲೇ ಬನ್ನಂಜೆಯ ಯಾವುದೋ ಕೆಲಸವಿಲ್ಲದ ಪೋಕರಿಯ ಹೆಸರು ಬರುತ್ತದೆ ಎಂದುಕೊಂಡಿದ್ದೆ. ಅವಳು ಎಲ್ಲೋ ಒತ್ತಿ ಒಂದು ದೇಶದ ಹೆಸರು ಓದಿದಳು. ನನ್ನ ನಾಲಗೆಗೆ ಅದು ಹೊರಳುವುದಿಲ್ಲ. ಗಲ್ಫಿಗಿಂತಲೂ ಎಷ್ಟೋ ಆಚೆಯಂತೆ. ಹಾಗಾದರೆ ಇನ್ನೊಂದು ಪೇಜು ಎಂದು ಕೇಳಿದೆ.

“ಅದೂ ಅಲ್ಲಿಯದ್ದೇ ಅಜ್ಜಿ. ಎರಡೂ ಶುರುವಾದದ್ದು ಒಂದೇ ದಿನ, ಹಾಕುವ ಚಿತ್ರವೂ ಒಂದೇ, ಬೈಗುಳ ಮಾತ್ರ ಬೇರೆ. ನಾವು ಕಚ್ಚಾಡ್ತಾ ಇದ್ದರೆ ಸಾಕು, ಅವರಿಗೆ ಬೇರೆ ಎಂತದೂ ಬೇಡ.”

ನಮ್ಮೂರಿನ ಹೊಳೆ ಯಾವುದು, ದಡ ಯಾವುದು ಎಂದು ಗೊತ್ತಿಲ್ಲದವರಿಗೆ ನನ್ನ ಮಕ್ಕಳಿಬ್ಬರ ಪಿತ್ತ ಹೇಗೆ ಕೆರಳುತ್ತದೆ ಎಂದು ಗೊತ್ತುಂಟು. ಜಗದೀಶ ಗಲ್ಫಿಗೆ ಹೋಗುವಾಗ ಪರೀಕ್ಷೆಗೆ ರಕ್ತ ಕೊಟ್ಟ, ಫೋಟೋ ಕೊಟ್ಟ, ವೀಸಾಕ್ಕೆ ತಿಂಗಳುಗಟ್ಟಲೆ ಕಾದ. ಇವರು ಎಂತದೂ ಇಲ್ಲದೆ ನೆಟ್ಟಗೆ ನನ್ನ ಅಡುಗೆಮನೆಗೇ ಬಂದು ಕೂತಿದ್ದಾರೆ.

ಇದನ್ನು ಕೇಳಿ ಮಕ್ಕಳಿಗೆ ನಾಚಿಕೆಯಾದೀತು ಎಂದುಕೊಂಡೆ. ತನ್ನ ಪೇಜು ಸರಿಯೇ ಇರಬೇಕು, ಅವನದ್ದೇ ಫೇಕ್ ಎಂದ ದೊಡ್ಡವ. ಚಿಕ್ಕವನೂ ಅಕ್ಷರ ತಪ್ಪದೆ ಅದನ್ನೇ ಹೇಳಿದ. ಮೊದಲನೆಯ ಆಘಾತಕ್ಕಿಂತ ಇದು ದೊಡ್ಡದಾಯಿತು.

ಆದರೂ ತಾಯಿ ಉಪವಾಸ ಎಂದರೆ ಊರು ಎಂತ ಹೇಳೀತು ಎಂಬ ಹೆದರಿಕೆಗೆ ಚಿಕ್ಕವ ಬಂದು ಕೂತ. ನನ್ನನ್ನು ಕೇಳಿದ, ಅತ್ತಿಗೆಯನ್ನು ಕೇಳಿದ. ಆಮೇಲೆ ಅಣ್ಣನ ಸರದಿ ಬಂತು. ಅನ್ನದ ಹಬೆ ನಿಂತಿತು. ಯಾರ ಕೈಯೂ ಎಲೆಗೆ ಇಳಿಯಲಿಲ್ಲ. ಕೊನೆಗೆ ಚಿಕ್ಕವ ಉಪ್ಪಿನಕಾಯಿ ನೋಡಿಕೊಂಡು ಬಾಯಿ ಬಿಟ್ಟ.

“ಅಣ್ಣ, ಹೊಸತು ಉಣ್ಣುತ್ತೇನೆ.”

“ಉಣ್ಣು ಮಾರಾಯ, ಪಾಯಸ ತಣಿಯಿತು.”

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಸೆಕೆ ಇತ್ತು, ಬೇರೆ ಎಂತ ಅಲ್ಲ. ನಾನೂ ಅನ್ನಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಚಿಕ್ಕವ ಖುಷಿಯಲ್ಲಿ, ಪೇಜು ಹೋದರೆ ಹೋಗಲಿ, ಅಮ್ಮನ ವೋಟು ಹೇಗೂ ತನ್ನ ಪಕ್ಷಕ್ಕೆ, ಮಾತು ಕೊಟ್ಟಾಗಿದೆ ಎಂದುಬಿಟ್ಟ. ದೊಡ್ಡವನ ತುತ್ತು ಬಾಯಿಯ ಹತ್ತಿರವೇ ನಿಂತಿತು.

“ನಿನಗಾ? ಆ ಮಾತು ನನಗೆ ಕೊಟ್ಟದ್ದಲ್ವಾ?”

ಇಬ್ಬರೂ ನನ್ನ ಕಡೆ ತಿರುಗಿದರು. ಶ್ರಾವ್ಯ ಹಪ್ಪಳ ಮುರಿಯುತ್ತಾ ಮೆಲ್ಲಗೆ ಕೇಳಿದಳು, “ಅಜ್ಜಿ, ನಿಮ್ಮ ಪೇಜು ನಡೆಯುವುದು ಯಾವ ದೇಶದಿಂದ?”

ಈ ಮನೆಗೆ ನಾನೇ ಹಿರಿಯವಳು. ಕೇಳಿ ಉಣ್ಣಬೇಕಾದವರು ನನಗೆ ಯಾರೂ ಉಳಿದಿಲ್ಲ. ಆದರೂ ಅವತ್ತು ತಲೆ ತಗ್ಗಿಸಿ, “ಹೊಸತು ಉಣ್ಣುತ್ತೇನೆ ಮಕ್ಕಳೇ” ಎಂದೆ. ಉಣ್ಣಿ ಎನ್ನಲು ಅಣ್ಣ ತಮ್ಮ ಇಬ್ಬರೂ ಒಂದೇ ಮನಸ್ಸಿನಿಂದ ತಡ ಮಾಡಿದರು.